ನಾನು ಬರೆದ ಆ ಒಂದು ಸಾಲು

ಅಡುಗೆಮನೆಯ ಶೆಲ್ಫ್ ಒರೆಸೋಣವೆಂದು ಡಬ್ಬಿಗಳನ್ನೆಲ್ಲ ಇಳಿಸಿದೆ. ಅವುಗಳ ಕೆಳಗೆ ಹಾಸಿದ್ದ ಕಾಗದ ಎಣ್ಣೆ ಕುಡಿದು ಹಳದಿಯಾಗಿತ್ತು. ಎರಡೂ ಅಂಚಿಗೆ ತೂತುಗಳಿರುವ, ಹಿಂದೆ ಕೆಲಸದಿಂದ ತಂದಿದ್ದ ಹಳೇ ಪ್ರಿಂಟರಿನ ಉದ್ದನೆಯ ಕಾಗದ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ದೇವಿ ಅನ್ನಪೂರ್ಣೆಯ ಹೆಸರು, ಕೆಳಗೆ ಬ್ರಾಕೆಟ್ಟುಗಳೊಳಗೆ ಕೆಲಸಗಾರರ ಟೋಕನ್ ನಂಬರುಗಳು, ಹಾಜರಿ ದಿನಗಳು. ಸ್ಟೂಲಿನ ಮೇಲೆ ಕೂತುಬಿಟ್ಟೆ...

ಮದುವೆಗೆ ಮುಂಚೆ ನಾನು ಚಿಕ್ಕಮಗಳೂರಿನ ಕಾಫಿ ಬೀಜ ಒಣಗಿಸಿ ಆರಿಸುವ ಒಂದು ಕ್ಯೂರಿಂಗ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಕಲಿಸಿದವರು ಪಕ್ಕದ ಕುರ್ಚಿಯ ಭಾಯಿ. ಮೊದಲು ರೇಡಿಯೋ ರಿಪೇರಿ ಮಾಡಿಕೊಂಡಿದ್ದವರು. ಕೆಲಸಗಾರರ ಹಾಜರಿ ಪಟ್ಟಿ ತೆಗೆಯಲು ನಾವೇ ಬರೆದ ಪುಟ್ಟ ಪ್ರೋಗ್ರಾಂ, ಆ ಸ್ಕ್ರಿಪ್ಟ್, ಎಡವಿದಾಗ ನಾನು ಊಹೆ ಮಾಡುತ್ತಾ ಕೂರುತ್ತಿದ್ದೆ. ಅವರು ಬಿಡುತ್ತಿರಲಿಲ್ಲ. ಅದರ ಹೊಟ್ಟೆಯಲ್ಲಿರುವ ಲೆಕ್ಕವನ್ನೆಲ್ಲ ವಾರ್ನಿಂಗ್ ಅಂತ, ಎಚ್ಚರಿಕೆಯ ಸಾಲುಗಳಾಗಿ ಹೊರಗೆ ಹಾಕಿಸಿ ನೋಡಬೇಕು, ಆಗ ಅದು ಪಟ್ಟಿಯೊಳಗೆ ಬೆರೆಯದೆ ಬೇರೆಯಾಗಿ ಬೀಳುತ್ತದೆ, ಪಟ್ಟಿ ಕೆಡುವುದಿಲ್ಲ ಅನ್ನುತ್ತಿದ್ದರು. ಸ್ಕ್ರೀನಿನಲ್ಲಾದರೆ ಓಡಿಹೋಗುತ್ತದೆಂದು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದುವುದು ಅವರ ಅಭ್ಯಾಸ.

ಆ ವಾರ್ನಿಂಗ್ ಎಲ್ಲಿಂದ ಶುರುವಾಯಿತೆಂದು ತಿಳಿಯಲು ಅದರ ಮೇಲ್ಗಡೆ ಒಂದು ಗುರುತು ಬೇಕಿತ್ತು. ನಾನು ಅನ್ನಪೂರ್ಣೆಯ ಹೆಸರು ಹಾಕುತ್ತಿದ್ದೆ. "ನಿಮ್ಮ ಅಮ್ಮನೋರೇ ವಾರ್ನಿಂಗ್ ಕೊಡ್ತಾ ಇದಾರೆ, ಇನ್ನು ಮ್ಯಾನೇಜರ್ ಯಾಕೆ ಬೇಕು ಮಾರಾಯ್ತಿ?" ಎಂದು ಭಾಯಿ ನಗುತ್ತಿದ್ದರು. ಕೆಲಸ ಮುಗಿದ ಮೇಲೆ ದೇವಿಯ ಹೆಸರಿನ ಸಾಲು ಅಳಿಸಲು ನನಗೆ ಕೈ ಬರುತ್ತಿರಲಿಲ್ಲ. ಭಾಯಿ ಬಯ್ಯಲಿಲ್ಲ; ಕಂಪ್ಯೂಟರ್ ಓದದೆ ದಾಟಿಹೋಗುವಂತೆ ಮುಂದೊಂದು ಚಿಹ್ನೆ ಹಾಕಿ ಅದನ್ನು ಸುಮ್ಮನಿರಿಸಿದರು. ಅಳಿಸಿದ ಪಾಪ ನಮಗೆ ಬೇಡ ಅಂದರು.

ಒಂದು ದಿನ ಬೀಜ ಆರಿಸುವ ಹೆಂಗಸೊಬ್ಬಳು, ಏಳು ತಿಂಗಳ ಬಸುರಿ, ನಮ್ಮ ಮೇಜಿನ ಮುಂದೆ ಬಂದು ನಿಂತಳು. ಕೆಲಸಕ್ಕೆ ಬಂದ ದಿನಗಳು ಸಾಲದೆಂದು ಅವಳಿಗೆ ಹೆರಿಗೆ ರಜೆ ಇಲ್ಲ ಅಂದಿದ್ದರು.

"ಬಿಸಿಲಲ್ಲಿ ಕಣದಲ್ಲಿ ಕಾಫಿ ಹರಡಿದ್ದು ನಾನಲ್ವಾ ಅಕ್ಕಾ?"

ನಾನು ಪಟ್ಟಿ ತೋರಿಸಿ, ಕಂಪ್ಯೂಟರ್ ಹೀಗೆ ಹೇಳುತ್ತದೆ ಅಂದೆ... ಅಂದೇಬಿಟ್ಟೆ.

ಭಾಯಿ ಪ್ರಿಂಟ್ ತೆಗೆದರು. ಅವಳ ಟೋಕನ್ ಮುಂದೆ ಬೀಜ ಆರಿಸುವ ಕೋಣೆಯ ದಿನಗಳು ಮಾತ್ರ ಇದ್ದವು. ಕಣದಿಂದ ಆ ಕೋಣೆಗೆ ಬದಲಾದವರ ಹೊಸ ಹಾಜರಿ ಹಳೆಯದರ ಮೇಲೆ ಕೂತು ಅದನ್ನು ನುಂಗಿಹಾಕಿತ್ತು. ಎರಡನ್ನೂ ಕೂಡಿಸಬೇಕಾದ ಸಾಲನ್ನು ನಾನು ತಪ್ಪಾಗಿ ಬರೆದಿದ್ದೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಮ್ಯಾನೇಜರ್ ಬಂದು ಇದು ಯಾರ ಕೆಲಸವೆಂದು ಕೇಳಿದರು. ನನ್ನ ಕೆಲಸ ಖಾಯಂ ಆಗಲು ಹತ್ತು ದಿನ ಬಾಕಿ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ.

"ನಂದೇ ಸರ್," ಅಂದರು ಭಾಯಿ.

ನಾನು ಕೀಬೋರ್ಡ್ ನೋಡುತ್ತಾ ಕೂತೆ.

ಅವಳಿಗೆ ರಜೆ ಸಿಕ್ಕಿತು, ಹೆಣ್ಣುಮಗು ಸುಖವಾಗಿ ಹುಟ್ಟಿತು. ನನ್ನ ಕೆಲಸವೂ ಉಳಿಯಿತು. ದೇವರು ಅಷ್ಟು ನಡೆಸಿಕೊಟ್ಟ. ಭಾಯಿಯ ವರ್ಷದ ಒಪ್ಪಂದವನ್ನು ಮಾತ್ರ ಆ ಸಲ ಮುಂದುವರಿಸಲಿಲ್ಲ. ಮೂಡಿಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟರೆಂದು ಕೇಳಿದೆ. ಬಸ್ಸಿನಲ್ಲಿ ಎಷ್ಟೋ ಸಲ ಅದರ ಮುಂದೆಯೇ ಹಾದುಹೋದೆ, ಒಮ್ಮೆಯೂ ಇಳಿಯಲಿಲ್ಲ. ಮಕ್ಕಳ ಪರೀಕ್ಷೆ, ಅತ್ತೆಯ ಔಷಧಿ, ನನ್ನ ಮಂಡಿನೋವು... ನೆಪಗಳಿಗೇನು.

ಹೋದ ವರ್ಷ ಭಾಯಿ ತೀರಿಕೊಂಡರಂತೆ. ಆ ಮ್ಯಾನೇಜರೂ ಈಗಿಲ್ಲ. ದೀಪ ಹಚ್ಚುವಾಗ ದೇವರ ಮುಂದೆ ದಿನಾ ಒಪ್ಪಿಕೊಳ್ಳುತ್ತೇನೆ. ಅದೇನು ಕಷ್ಟವಲ್ಲ, ದೇವರಿಗೆ ಮೊದಲೇ ಗೊತ್ತು. ಗೊತ್ತಿಲ್ಲದವರ ಮುಂದೆ ಹೇಳುವುದಕ್ಕೆ ಇಷ್ಟು ವರ್ಷ ಬಾಯಿ ಬರಲಿಲ್ಲ. ಅವಳ ದಿನಗಳನ್ನು ನುಂಗಿದ ಆ ಸಾಲು ಬರೆದದ್ದು ಭಾಯಿ ಅಲ್ಲ, ನಾನು.