ಅಬ್ಬಿಗೇರಿ ಮಾಸ್ತರರ ಸಹಿ

ಅಬ್ಬಿಗೇರಿಯ ವೀರಪ್ಪ ಮಾಸ್ತರರು ಭಜನಾ ಮೇಳಗಳನ್ನು ಆರಿಸುವಾಗ ವೇದಿಕೆಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂರುತ್ತಿದ್ದರು. "ಮಾರಿ ನೋಡಿದ್ರ ಇವ ಯಾರ ಕಡ್ಯಾವ ಅಂತ ತಿಳಿತೈತಿ. ಕಿವಿಗಿ ಆ ರೋಗ ಇಲ್ಲ" ಎನ್ನುತ್ತಿದ್ದರು. ರೋಣದ ತಾಲ್ಲೂಕು ಉತ್ಸವದ ಆಯ್ಕೆ ಸಮಿತಿಯಲ್ಲಿ ಹಾಡು ಬಲ್ಲವರು ಅವರೊಬ್ಬರೇ. ಉಳಿದವರಿಗೆ ಗೊತ್ತಿದ್ದದ್ದು ಶಾಲು ಹೊದಿಸಿಕೊಳ್ಳುವುದು ಮಾತ್ರ. ಸಮಿತಿಯ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತ ನಾನು.

ತಾಳ ತಪ್ಪಿದರೆ ಸ್ವಂತ ಅಳಿಯನನ್ನೂ ಬಿಡುತ್ತಿರಲಿಲ್ಲ. "ಅಳಿಯಂದ್ರ, ಊಟಕ್ಕ ಬರ್ರಿ, ಹಾಡಾಕ ಬರಬ್ಯಾಡ್ರಿ" ಎಂದು ಎಲ್ಲರೆದುರೇ ಹೇಳಿದ್ದರು. ಆ ಮಹಾರಾಯ ಒಂದು ವರ್ಷ ಊಟಕ್ಕೂ ಬರಲಿಲ್ಲ.

ಅವರದೊಂದೇ ತಪ್ಪು. ಆಯ್ಕೆ ಮುಗಿಯುವ ಹೊತ್ತಿಗೆ ಅಬ್ಬಿಗೇರಿ ಬಸ್ಸು ಹೊರಡುತ್ತಿತ್ತು. ನಡಾವಳಿ ಬರೆಯುವವರೆಗೆ ಕಾಯದೆ, ಖಾಲಿ ಹಾಳೆಯ ತಳಕ್ಕೆ ಸಹಿ ಹಾಕಿ, "ನೀನ ಬರಕೋ ತಮ್ಮಾ, ನಿನ್ನ ಮ್ಯಾಲ ಭರೋಸಾ ಐತಿ" ಎಂದು ಓಡುತ್ತಿದ್ದರು.

ಹೋದ ವರ್ಷವೂ ಹಾಗೇ ಓಡಿದರು. ರಾಜೂರಿನ ಹೆಣ್ಣುಮಕ್ಕಳ ಮೇಳವೇ ಮೊದಲು ಎಂದು ಆ ಮೇಳದವರೆದುರೇ ಹೇಳಿ ಹೋಗಿದ್ದರು. ಅರ್ಧ ತಾಸಿಗೆ ಮುಖಂಡರೊಬ್ಬರ ಫೋನು ಬಂತು. ಚುನಾವಣೆಯಲ್ಲಿ ಆ ಮೇಳದವರು ಎದುರಿನವರ ಪರ ಹಾಡಿದ್ದರಂತೆ. "ಆ ಹೆಸರು ತಗೀರಿ. ನಮ್ಮ ಹುಡುಗರ ಆರ್ಕೆಸ್ಟ್ರಾ ಹಾಕ್ರಿ." ವರ್ಗಾವಣೆಗೆ ಹೆದರಿ ನಾನು ಮಾಸ್ತರರ ಸಹಿಯ ಮೇಲೆ ಆರ್ಕೆಸ್ಟ್ರಾದ ಹೆಸರು ಬರೆದೆ.

ಮಾಸ್ತರರು ಕಚೇರಿಗೆ ಬಂದಿದ್ದ ದಿನವೇ ರಾಜೂರಿನ ಮೇಳದ ಶಾಂತವ್ವ ಬಂದಳು. ಕಚೇರಿಯ ಫಲಕಕ್ಕೆ ಹಚ್ಚಿದ್ದ ಆ ಹಾಳೆಯನ್ನು ಕಿತ್ತು ಅವರ ಮುಂದೆ ಹಿಡಿದು, "ಬಾಯಿಲೆ ಒಂದ ಹೇಳಿ, ಕೈಲೆ ಒಂದ ಬರದ್ರೇನ್ರಿ ಮಾಸ್ತರ?" ಎಂದಳು. ಅವರು ಹಾಳೆ ನೋಡಿದರು, ನನ್ನನ್ನು ನೋಡಿದರು. "ಸಹಿ ನಂದ ಐತಿ ಯವ್ವಾ" ಎಂದರು, ಅಷ್ಟೇ. ಆಕೆ ಹೋದ ಮೇಲೆ ನನಗೆ, "ನಿನಗ ಮಕ್ಕಳು ಮರಿ ಅದಾವ. ಇರ್ಲಿ ಬಿಡು" ಎಂದರು. ಅದರ ಬದಲು ಕಪಾಳಕ್ಕೆ ಬಾರಿಸಬೇಕಿತ್ತು. ಮತ್ತೆಂದೂ ಅವರು ಸಮಿತಿಗೆ ಬರಲಿಲ್ಲ. ರಾಜೂರಿಗೆ ಹೋಗಿ ನಿಜ ಹೇಳಲು ನನಗೆ ಒಂದು ವರ್ಷ ಸಮಯವಿತ್ತು. ಹೋಗಲಿಲ್ಲ.

ಮೊನ್ನೆ ಮಾಸ್ತರರು ತೀರಿಕೊಂಡರು. ಸತ್ತವರ ಮುಂದೆ ಭಜನೆ ಹಾಡಿ ಕಳಿಸಿಕೊಡುವುದು ನಮ್ಮ ಕಡೆಯ ಪದ್ಧತಿ. ರಾಜೂರಿನವರು ಬರಲಿಲ್ಲ. ಅವರ ಮಾತು ಕೇಳಿದ ಬೇರೆ ಮೇಳಗಳೂ ಬರಲಿಲ್ಲ. ಬಂದದ್ದು ಮುಖಂಡರು ಕಳಿಸಿದ ಆಳೆತ್ತರದ ಹಾರ. ಅದನ್ನು ಹೊತ್ತು ತಂದವನು ನಾನು.

ಮಾಸ್ತರರ ಹೆಂಡತಿ ಬಾಗಿಲನ್ನೇ ನೋಡುತ್ತ ಕೇಳಿದರು. "ಹಾಡಾವರು ಒಬ್ಬರೂ ಯಾಕ ಬರವಲ್ರು ತಮ್ಮಾ?"

"ಸುದ್ದಿ ಮುಟ್ಟಿರಾಕಿಲ್ರೀ ಅವ್ವಾರ" ಎಂದೆ.