ಅಂಕಲ್ ಮೆಚ್ಚಿದ ಹಗುರ ರಿವಾಲ್ವರ್

ಅಮೆರಿಕದ ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಅಂಕಲ್ ಯಾವ ವಸ್ತುವನ್ನೂ ಅಂಗೈ ಮೇಲೆ ಎಗರಿಸಿ ನೋಡದೆ ಕೊಳ್ಳುತ್ತಿರಲಿಲ್ಲ. ಐಸೆಲಿನ್‌ನ ಇಂಡಿಯನ್ ಅಂಗಡಿಯ ಬದನೆಕಾಯಿಯಾಗಲಿ, ಮೊಮ್ಮಗಳ ಶೂ ಆಗಲಿ, ಅವರ ತೀರ್ಪು ಒಂದೇ: “ಹಗೂರ ಇರಬೇಕಪಾ.”

ನನ್ನನ್ನು ಜೊತೆಗೆ ಕರೆದುಕೊಂಡು ಹೋದ ಬಂದೂಕಿನ ಅಂಗಡಿಯಲ್ಲೂ ಹಾಗೇ ಮಾಡಿದರು. ಸಂಜೆ ವಾಕಿಂಗ್ ಹೋದಾಗ ಪಿಕಪ್ ಟ್ರಕ್ಕಿನವನೊಬ್ಬ ಅವರನ್ನು ಕೆಟ್ಟದಾಗಿ ಬೈದು ಹೋಗಿದ್ದ. ಆಮೇಲೆ ಅವರು ವಾಕಿಂಗನ್ನೇ ಬಿಟ್ಟಿದ್ದರು. ಈಗ ಬಂದೂಕು ಇಟ್ಟುಕೊಂಡು ಓಡಾಡುವ ಪರ್ಮಿಟ್ ಸಿಕ್ಕಿತ್ತು. ದಿನವೂ ಜೇಬಿನಲ್ಲಿಟ್ಟುಕೊಳ್ಳಲು ಹಗುರವಾದ, ಸೆಕೆಂಡ್ ಹ್ಯಾಂಡ್ ರಿವಾಲ್ವರ್ ಬೇಕಿತ್ತು. ಖಾಲಿ ರಿವಾಲ್ವರನ್ನು ಅವರು ಎಗರಿಸಿದ್ದೇ ತಡ, ಮಾರುವವನು ಅದನ್ನು ಗಾಳಿಯಲ್ಲೇ ಹಿಡಿದು ಕೌಂಟರಿನ ಮೇಲಿಟ್ಟ.

ಕಾಲೇಜಿನ ಡಿಬೇಟ್ ತಂಡದವನಾದ ನನಗೆ ಸುಮ್ಮನಿರಲಾಗಲಿಲ್ಲ. “ಅಂಕಲ್, ಹಗುರ ಇದ್ದಷ್ಟೂ ಗುಂಡು ಹಾರಿಸಿದಾಗ ಕೈಗೆ ಜೋರು ಪೆಟ್ಟು ಬೀಳುತ್ತೆ. ಫ್ಲಶಿಂಗ್ ದೇವಸ್ಥಾನಕ್ಕೆ ಒಯ್ಯೋ ಹಾಗಿಲ್ಲ, ನ್ಯೂಯಾರ್ಕಲ್ಲಿ ಈ ಪರ್ಮಿಟ್ ನಡೆಯಲ್ಲ. ಇನ್ನು ಬೈದವನಿಗೆ ಗುಂಡು ಹೊಡೀತೀರಾ?”

“ಛೇ! ಬೈದಾಂವಗ ಯಾರರ ಗುಂಡ ಹೊಡೀತಾರೇನೋ ತಮ್ಮಾ?”

“ಮತ್ತೆ ಇದು ಯಾಕೆ?”

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. “ಒಬ್ಬನಽ ನಡಿಯೋವಾಗ ಜೋಡಿ ಏನರ ಇರಲಿ ಅಂತ.”

ನಾನು ರಿವಾಲ್ವರನ್ನು ಅವರ ಮುಂದಕ್ಕೆ ಸರಿಸಿದೆ.

“ವಾದದಾಗ ನೀನ ಗೆದ್ದಿ,” ಎಂದು ಅವರು ರಿವಾಲ್ವರನ್ನು ಮಾರುವವನ ಕಡೆ ಸರಿಸಿದರು. “ನಾಳೆ ಸಂಜೀಕ ಬೂಟ್ ಹಾಕ್ಕೊಂಡು ನಮ್ಮ ಬಾಗಲಿಗೆ ಬಾ. ತಡಾ ಮಾಡಬ್ಯಾಡ.”

ಆ ಬೇಸಿಗೆ ಪೂರ್ತಿ ಇಬ್ಬರೂ ನಡೆದೆವು. ನಾನು ಹೇಳಿದ್ದಕ್ಕೆಲ್ಲ ಅವರು ತಕರಾರು ತೆಗೆಯುತ್ತಿದ್ದರು. ಹಿಂದಿನಿಂದ ಟ್ರಕ್ಕಿನ ಸದ್ದು ಕೇಳಿದಾಗ ಮಾತ್ರ ಮಾತು ನಿಲ್ಲಿಸಿ, ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು.