ಮೂರು ವಿಷಲ್ ಆಗೋವರೆಗೆ

ಇವತ್ತು ತರಕಾರಿ ಹಿಡಿದು ಲಿಫ್ಟಿನಿಂದ ಇಳಿದರೆ, ಬೇಳೆ ತಳ ಹಿಡಿದ ವಾಸನೆ. ಪಕ್ಕದ ಫ್ಲಾಟಿನ ಬೆಲ್ ಒತ್ತಿದೆ. ಹೆಡ್‌ಫೋನ್ ಹಾಕ್ಕೊಂಡಿದ್ದ ಹುಡುಗಿ ಬಾಗಿಲು ತೆಗೆದು, “ಅಯ್ಯೋ, ಥ್ಯಾಂಕ್ಸ್ ಆಂಟಿ!” ಅಂತ ಒಳಗೆ ಓಡಿದಳು. ನಾನು ಅಲ್ಲೇ ನಿಂತುಬಿಟ್ಟೆ. ಓನರ್ ಆಂಟಿ ನೆನಪಾದರು…

ವಿಜಯನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಅವರು. ಮೇಲೆ ಅವರೊಬ್ಬರೇ, ಕೆಳಗೆ ನಾನು, ನಮ್ಮ ಯಜಮಾನರು. ಯಜಮಾನರು ಹೋದ ಮೇಲೆ ಕೆಳಗೂ ಒಬ್ಬಳೇ. ಆಗ ಕುರ್ಚಿ ಹಿಡಿದವಳು ಏಳಲೇ ಇಲ್ಲ ನೋಡಿ. ಮಂಡಿ ಹಿಡಿದುಕೊಂಡಿತು. ಡಾಕ್ಟರು ವಾಕಿಂಗ್ ಹೋಗಿ ಅಂದರೆ, ಯಾರ ಜೊತೆ ಹೋಗಲಿ ಅಂತ ಸಿಟ್ಟು ಬರುತ್ತಿತ್ತು.

ಒಂದು ಬೆಳಿಗ್ಗೆ ಆಂಟಿ ರಂಗೋಲಿ ಹಾಕಿ, ಮಿಕ್ಕ ಪುಡಿಯಲ್ಲಿ ಕಾಂಪೌಂಡಿನೊಳಗೆ ಕುಂಟೆಬಿಲ್ಲೆ ಮನೆ ಬರೆದರು.

“ಕುಕ್ಕರ್ ಇಟ್ಟು ಬಂದಿದೀನಿ. ಮೂರು ವಿಷಲ್ ಆಗೋವರೆಗೆ ಆಡೋಣ, ಬಾರೇ.”

“ಈ ವಯಸ್ಸಲ್ಲಾ? ನೋಡಿದೋರು ನಗ್ತಾರೆ ಆಂಟಿ.”

“ನಗ್ಲಿ ಬಿಡೇ, ಅವರ ಆರೋಗ್ಯಕ್ಕೂ ಒಳ್ಳೇದು.”

ಅರವತ್ತು ದಾಟಿದ ಹೆಂಗಸು ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಕುಂಟಿದರು. ನನಗೆ ಮಾತ್ರ ರಿಯಾಯಿತಿ, ನಡೆದು ಮನೆ ದಾಟಿದರೆ ಸಾಕಿತ್ತು. ಬೆಳಿಗ್ಗೆ ಬೇಳೆಗೆ ಒಂದಾಟ, ಸಂಜೆ ಅನ್ನಕ್ಕೆ ಒಂದಾಟ. ದೀಪಾವಳಿ ಹೊತ್ತಿಗೆ ನಾನೂ ಕುಂಟುತ್ತಿದ್ದೆ, ಗೆದ್ದಾಗ ಕುಣಿಯುತ್ತಲೂ ಇದ್ದೆ.

ನಮ್ಮ ಬೀದಿಯಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಒಂದು ದಿನ ಪಕ್ಕದ ಮನೆಯ ವಿಷಲ್ಲನ್ನೂ ನಮ್ಮದೇ ಅಂತ ಎಣಿಸಿ ಆಂಟಿ ಬೇಗ ಒಲೆ ಆರಿಸಿಬಿಟ್ಟರು. ಅರೆಬೆಂದ ಬೇಳೆಯನ್ನು ಇಬ್ಬರೂ ಕಟಕಟ ಅಗಿದು ತಿಂದೆವು. ಅಬ್ಬಾ, ಎಷ್ಟು ನಕ್ಕಿದ್ದೆವು!

ಆಮೇಲೆ ಒಂದು ಬೆಳಿಗ್ಗೆ ಮನೆ ಬರೆದಾಗಿತ್ತು. “ಕುಕ್ಕರ್ ಇಟ್ಟು ಬರ್ತೀನಿ, ಮೋಸ ಮಾಡ್ಬೇಡ” ಅಂತ ಆಂಟಿ ಮೇಲೆ ಹೋದರು. ಮೂರು ವಿಷಲ್ ಆಯಿತು. ನಾಲ್ಕು, ಐದು… ಪಕ್ಕದ ಮನೇದೂ ಸೇರಿರಬೇಕು ಅಂದುಕೊಂಡು, ನಗುತ್ತಾ ಒಬ್ಬಳೇ ಬಿಲ್ಲೆ ಎಸೆಯುತ್ತಿದ್ದೆ. ಸೀದ ವಾಸನೆ ಬಂದ ಮೇಲೆ ಮೆಟ್ಟಿಲು ಹತ್ತಿದೆ. ಆಂಟಿ ಒಲೆ ಮುಂದೆ ಬಿದ್ದಿದ್ದರು. ಆಸ್ಪತ್ರೆ ಸೇರುವಷ್ಟರಲ್ಲಿ…

ಬೇಗ ಬಂದಿದ್ದರೂ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರು. ನನಗೆ ಇವತ್ತಿಗೂ ಆ ಮಾತಿನ ಮೇಲೆ ನಂಬಿಕೆಯಿಲ್ಲ.

ಈಗ ಬಸವೇಶ್ವರನಗರದ ಈ ಫ್ಲಾಟಿನಲ್ಲಿ ಒಬ್ಬಳೇ ಇದ್ದೇನೆ. ಕುಕ್ಕರ್ ಇಟ್ಟು, ಹಾಲ್‌ನ ಟೈಲ್ಸನ್ನೇ ಮನೆ ಮಾಡಿಕೊಂಡು ಮೂರು ವಿಷಲ್ ಆಗೋವರೆಗೆ ಕುಂಟುತ್ತೇನೆ. ಮಂಡಿ ಇನ್ನೂ ಹೇಳಿದ ಮಾತು ಕೇಳುತ್ತದೆ. ಗೆದ್ದರೆ ಕುಣಿಯೋಕೆ ಮಾತ್ರ ಮನಸ್ಸಾಗುವುದಿಲ್ಲ, ಸೋತವರು ಯಾರೂ ಇಲ್ಲವಲ್ಲ…

ನಾಲ್ಕನೇ ವಿಷಲ್ ಯಾರ ಮನೆಯಿಂದ ಕೇಳಿದರೂ ಆಟ ಬಿಟ್ಟು ಹೋಗಿ ಬೆಲ್ ಒತ್ತುತ್ತೇನೆ. ಈ ಆಂಟಿದೊಂದು ಕಾಟ ಅಂತ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಬಾಗಿಲು ತೆಗೆದರಲ್ಲ, ಅಷ್ಟು ಸಾಕು.